ಉಸ್ಸೆನ್ನುವ ಕುರ್ಚಿ

ಹೆದರಿಕೆ ಎಂಬ ಪದಾರ್ಥವನ್ನು ಕತ್ತರಿಯಮ್ಮ ಮುಪ್ಪಿನವರೆಗೂ ಮನೆಯೊಳಗೆ ಸೇರಿಸಿರಲಿಲ್ಲ. ಅದನ್ನು ಒಳಗೆ ಕರೆತಂದವಳು ಸೊಸೆ. ಅದೂ ದುಡ್ಡು ಕೊಟ್ಟಲ್ಲ, ಪುಕ್ಕಟೆ ಪಾಸಿನ ಮೇಲೆ.

ಕತ್ತರಿಯಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಯಜಮಾನರದು ಕ್ಷೌರದ ಅಂಗಡಿ. ಅವರ ಕೈಯಲ್ಲಿ ಒಂದು ಕತ್ತರಿ, ಈಕೆಯ ಬಾಯಲ್ಲಿ ಇನ್ನೊಂದು. ಅಂಗಡಿಯ ಕತ್ತರಿಗಾದರೂ ವಾರಕ್ಕೊಮ್ಮೆ ರಜೆಯಿತ್ತು. ಹಾಲಿನವನಿಂದ ಹಿಡಿದು ಕರೆಂಟಿನವನವರೆಗೆ ಆ ಬಾಯಿಗೆ ಸಿಕ್ಕಿ ನುಣ್ಣಗಾಗದೆ ಹೋದವರಿಲ್ಲ. ಹಲ್ಲಿ, ಹಾವು, ಬ್ಯಾಂಕಿನ ಮ್ಯಾನೇಜರು, ಯಾವುದಕ್ಕೂ ಹೆದರಿದ ಹೆಂಗಸಲ್ಲ.

ಯಜಮಾನರು ಹಿಂದಿನ ವರ್ಷ ತೀರಿಕೊಂಡರು. ಅಂಗಡಿಯನ್ನು ವಹಿಸಿಕೊಂಡ ಮಗ ಹೊಸ ಕುರ್ಚಿಗಳನ್ನು ಹಾಕಿಸಿದ. ಹಳೆಯ ಕುರ್ಚಿ ಗುಜರಿಗೆ ಹೊರಡುವುದರಲ್ಲಿತ್ತು. ಕತ್ತರಿಯಮ್ಮ ಅಂಗಡಿಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತು, "ಅದು ಹೋಗೋದಾದ್ರೆ ನನ್ನನ್ನೂ ಅದರ ಮೇಲೆ ಕೂರಿಸಿ ಕಳಿಸು" ಎಂದಳು. ಇಬ್ಬರನ್ನೂ ಕೊಳ್ಳುವ ಗುಜರಿಯವನು ಸಿಗಲಾರನೆಂದು ತಿಳಿದ ಮಗ ಕುರ್ಚಿಯನ್ನು ಮನೆಗೆ ಹೊರಿಸಿಕೊಂಡು ಬಂದ. ಅದು ನಡುಮನೆಯಲ್ಲಿ ಸಿಂಹಾಸನದಂತೆ ವಿರಾಜಮಾನವಾಯಿತು.

ಅಂಥಿಂಥ ಕುರ್ಚಿಯಲ್ಲ ಅದು. ದಪ್ಪ ಕಬ್ಬಿಣದ ಕಂಬದ ಮೇಲೆ ಗಿರ್ರನೆ ತಿರುಗುವ ಆಸನ, ಕೆಂಪು ರೆಕ್ಸಿನ್ ಹೊದಿಕೆ, ತಲೆ ಆನಿಸಲು ಪುಟ್ಟ ದಿಂಬು, ಬುಡದ ಪಕ್ಕದಲ್ಲಿ ಕಾಲಿನಿಂದ ಒತ್ತುವ ಹಿಡಿ. ಹಿಡಿ ಒತ್ತಿದಷ್ಟೂ ಗಿರಾಕಿ ಮೇಲೇರುತ್ತಾನೆ. ಆದರೆ ಕಂಬದೊಳಗಿನ ಎಣ್ಣೆ ಸೋರಿ ಸೋರಿ ಅದಕ್ಕೊಂದು ದುರಭ್ಯಾಸ ಹತ್ತಿತ್ತು. ಏರಿಸಿದ ಕುರ್ಚಿ ತನ್ನಷ್ಟಕ್ಕೆ ತಾನೇ ಇಷ್ಟಿಷ್ಟೇ ಜಾರುತ್ತ ಬಂದು, ಕೊನೆಗೆ "ಉಸ್ಸ್ಸ್..." ಎಂದು ದೊಡ್ಡದೊಂದು ನಿಟ್ಟುಸಿರು ಬಿಟ್ಟು ತಳ ಸೇರುತ್ತಿತ್ತು. (ಯಜಮಾನರು ಮೀಸೆಗೆ ಕತ್ತರಿ ಹಿಡಿದರೆ, ಮುಗಿಯುವಷ್ಟರಲ್ಲಿ ಕತ್ತರಿಯೆದುರು ಗಿರಾಕಿಯ ಹುಬ್ಬು ಬಂದಿರುತ್ತಿತ್ತು.) ಮನೆಗೆ ಬಂದಮೇಲೆ ಹಿಡಿ ಒತ್ತುವವರಿಲ್ಲದೆ ಅದು ವರ್ಷದಿಂದ ತಳದಲ್ಲೇ ತೆಪ್ಪಗೆ ಕೂತಿತ್ತು.

ಕತ್ತರಿಯಮ್ಮ ದಿನಾ ಬೆಳಗ್ಗೆ ಸೊಂಟ ಹಿಡಿದುಕೊಂಡು ಬಗ್ಗಿ, ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದಳು. ಕೈ ಒರೆಸುವಾಗ ಬಾಯಿಗೆ ಬಿಡುವಿರುತ್ತಿತ್ತಲ್ಲ. "ರೀ, ನಲ್ಲೀಲಿ ನೀರು ಸಣ್ಣಗೆ ಬರ್ತಿದೆ. ನೀವಿದ್ದಾಗ್ಲೇ ಬಡ್ಕೊಂಡೆ, ಕೇಳಿದ್ರಾ? ನಿಮ್ಮ ಮಗನೂ ನಿಮ್ಮ ಹಾಗೇ, ಹೂಂ ಅಂತಾನೆ, ಮರೆತುಬಿಡ್ತಾನೆ." ಬದುಕಿದ್ದಾಗ ಯಜಮಾನರು ಏನು ಉತ್ತರ ಕೊಡುತ್ತಿದ್ದರೋ ಕುರ್ಚಿಯೂ ಅದನ್ನೇ ಕೊಡುತ್ತಿತ್ತು. (ಅಂದರೆ, ಏನೂ ಇಲ್ಲ.) ಹೀಗಾಗಿ ಗಂಡ ಸತ್ತರೂ ಸಂಸಾರ ಸುಸೂತ್ರವಾಗಿಯೇ ನಡೆದಿತ್ತು.

ಸೊಸೆಗೆ ಮಾತ್ರ ಅದು ಕಣ್ಣಲ್ಲಿ ಬಿದ್ದ ಕಸ.

"ಅತ್ತೆ, ಮನೆಗೆ ಬಂದವರೆಲ್ಲ ಅದನ್ನ ನೋಡಿ ತಲೆ ಸವರಿಕೊಳ್ತಾರೆ. ಒಂದು ಸೋಫಾ ಹಾಕೋಣ ಅಂದ್ರೆ ಜಾಗ ಇಲ್ಲ."

"ಬಂದವರು ನಿಂತ್ಕೊಳ್ಳಲಿ. ನಿನ್ನ ಮಾವ ಜೀವಮಾನ ಪೂರ್ತಿ ನಿಂತೇ ದುಡಿದ್ರು."

"ನಿಂತೇ ದುಡಿದವರಿಗೆ ಈಗ ಕುರ್ಚಿ ಯಾಕತ್ತೆ?"

"ಅದಕ್ಕೇ! ಈಗಲಾದ್ರೂ ಕೂತ್ಕೊಳ್ಳಲಿ!"

"ನಿಮ್ಮ ಕುರ್ಚಿ ನಿಮಗೇ ಇರಲಿ, ನಾನಂತೂ ಅದನ್ನ ಕಾಲಲ್ಲೂ ಮುಟ್ಟಲ್ಲ" ಎಂದು ಸೊಸೆ ಘೋರ ಪ್ರತಿಜ್ಞೆ ಮಾಡಿದ್ದಳು. ಈ ಪ್ರತಿಜ್ಞೆ ನೆನಪಿರಲಿ.

ಸೊಸೆಗೆ ಸಿನಿಮಾ ಥಿಯೇಟರಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ಆ ವಾರ ಬೆಳಗಿನ ಆಟಕ್ಕೆ ಭಾರೀ ಪ್ರಶಸ್ತಿಗಳು ಬಂದ ಸಿನಿಮಾವೊಂದು ಬಂದಿತ್ತು. ಪ್ರಶಸ್ತಿ ಬಂದಿತ್ತೇ ಹೊರತು ಜನ ಬರುತ್ತಿರಲಿಲ್ಲ. ನಿರ್ದೇಶಕರೇ ಖುದ್ದಾಗಿ ಬರುತ್ತಾರೆಂಬ ಸುದ್ದಿ ಕೇಳಿ ಮ್ಯಾನೇಜರಿಗೆ ಬೆವರು ಕಿತ್ತು, "ಖಾಲಿ ಸೀಟು ಕಂಡ್ರೆ ಅವರಿಗೆ ಬೇಜಾರಾಗುತ್ತೆ, ಮನೇಲಿ ಯಾರಿದ್ರೂ ಕರ್ಕೊಂಡು ಬನ್ನಿ" ಎಂದು ಕೆಲಸದವರಿಗೆಲ್ಲ ಪಾಸು ಹಂಚಿದರು. ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿ ಒಬ್ಬ ಮುದುಕಿ, ಒಂದು ಊಟದ ಮೇಜು, ಎರಡು ತಟ್ಟೆ. "ಸಂಸಾರದ ಕಥೆ, ಚೆನ್ನಾಗಿ ಅಳಬಹುದು" ಎಂದು ಕತ್ತರಿಯಮ್ಮ ಎರಡು ಕರವಸ್ತ್ರ ಮಡಚಿಟ್ಟುಕೊಂಡು ಹೊರಟಳು.

ಮೊದಲು ಬಹಳ ಹೊತ್ತು ಏನೂ ಆಗಲಿಲ್ಲ. ಮುದುಕಿಯ ಗಂಡ ಸತ್ತಿದ್ದಾನೆ. ಅವಳು ಅಳುವುದಿಲ್ಲ. ದಿನಾ ಎರಡು ತಟ್ಟೆಗೆ ಬಡಿಸಿ, ತನ್ನದನ್ನು ಉಂಡು, ಅವನ ತಟ್ಟೆಯನ್ನು ಚೆಲ್ಲಿ ಒರೆಸಿಡುತ್ತಾಳೆ. ಹಿಂದೆ ನಲ್ಲಿ ತೊಟ್ಟಿಕ್ಕುತ್ತದೆ. ಮತ್ತೆ ತಟ್ಟೆ, ಮತ್ತೆ ನಲ್ಲಿ.

"ಆ ನಲ್ಲಿಗೆ ಒಂದು ವಾಷರ್ ಹಾಕಿಸಬಾರದಾ?" ಎಂದು ಕತ್ತರಿಯಮ್ಮ ಗಟ್ಟಿಯಾಗಿಯೇ ಕೇಳಿದಳು. ಮುಂದಿನ ಸಾಲಿನ ಗಡ್ಡದವನೊಬ್ಬ ತಿರುಗಿ ನೋಡಿದ.

"ಅತ್ತೆ, ಸುಮ್ಮನಿರಿ, ಅವರೇ ನಿರ್ದೇಶಕರು!"

"ಒಳ್ಳೇದೇ ಆಯ್ತು. ಕೇಳಿಸಿಕೊಂಡ್ರಲ್ಲ."

ಅದೇ ಅವಳು ಆ ದಿನ ಆಡಿದ ಕಡೆಯ ಧೈರ್ಯದ ಮಾತು. ಏಕೆಂದರೆ ಅಷ್ಟರಲ್ಲಿ ತೆರೆಯ ಮೇಲೆ, ಹಾಡುಹಗಲಲ್ಲಿ, ಗಂಡನ ತಟ್ಟೆಯಲ್ಲಿದ್ದ ಊಟ ಒಂದು ತುತ್ತಿನಷ್ಟು ಕಡಿಮೆಯಾಗಿತ್ತು.

ಕಿರುಚಾಟವಿಲ್ಲ, ಸಂಗೀತವಿಲ್ಲ, ಒಂದು ತೊಟ್ಟು ರಕ್ತವಿಲ್ಲ. ಮುದುಕಿ ತಟ್ಟೆ ನೋಡಿದಳು, ಮೆಲ್ಲಗೆ ನಕ್ಕಳು. ಆ ನಗು ಕಂಡು ಕತ್ತರಿಯಮ್ಮನ ಬೆನ್ನಿನಲ್ಲಿ ಯಾರೋ ತಣ್ಣೀರು ಇಳಿಬಿಟ್ಟಂತಾಯಿತು. ಮರುದಿನ ಮೇಜಿನ ಮುಂದೆ ಅವನು ಕೂತಿದ್ದ. ಬರೀ ಬೆನ್ನು. ಮುಖ ಈ ಕಡೆ ತಿರುಗುವುದೇ ಇಲ್ಲ. "ನನ್ನನ್ನ ಬಿಟ್ಟುಬಿಡು" ಎನ್ನುತ್ತಾನೆ. "ಬಿಡಲ್ಲ" ಎನ್ನುತ್ತಾಳೆ. "ಇಲ್ಲೇ ಇದ್ರೆ ನನಗೆ ಹಸಿವಾಗುತ್ತೆ" ಎನ್ನುತ್ತಾನೆ. ಸಮಾಧಾನ ಹೇಳಲು ಮುದುಕಿಯ ತಂಗಿ ಬರುತ್ತಾಳೆ. ಮುದುಕಿ ಅವಳನ್ನು ಅದೇ ಜಾಗದಲ್ಲಿ ಕೂರಿಸುತ್ತಾಳೆ. ಆಮೇಲೆ ನೋಡಿದರೆ ತಂಗಿಯಿಲ್ಲ, ಮೇಜಿನ ಕೆಳಗೆ ಅವಳ ಚಪ್ಪಲಿ ಮಾತ್ರ. ಮುದುಕಿ ತಟ್ಟೆ ಒರೆಸುತ್ತಾಳೆ. ಆಮೇಲೆ ಅಣ್ಣ. ಆಮೇಲೆ ಸ್ವಂತ ಹೊಟ್ಟೆಯಲ್ಲಿ ಹುಟ್ಟಿದ ಮಗ. ಮಗ ಕೂರಲು ಬಂದಾಗ ಮುದುಕಿಯ ಕಣ್ಣು ಒಂದು ಗಳಿಗೆ ತಡವರಿಸಿತು. "ಬೇಡ ಅನ್ನೇ, ಬೇಡ ಅನ್ನೇ" ಎಂದು ಕತ್ತರಿಯಮ್ಮ ಒಳಗೊಳಗೇ ಗೋಗರೆದಳು. ಮುದುಕಿ ಏನೂ ಅನ್ನದೆ ಕುರ್ಚಿ ಎಳೆದುಕೊಟ್ಟಳು.

ಮನೆಯಲ್ಲಿ ಇನ್ನು ಯಾರೂ ಉಳಿಯದಾದಾಗ ಅವಳು ಗಂಡನ ಹೆಗಲು ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ತಿರುಗಿದ ಮುಖ ಅವಳದೇ.

ದೀಪ ಹತ್ತಿತು. ಎರಡು ಕರವಸ್ತ್ರಗಳಲ್ಲಿ ಒಂದು ಕತ್ತರಿಯಮ್ಮನ ಹಲ್ಲಿನ ನಡುವೆ ಇತ್ತು. ಇನ್ನೊಂದನ್ನು ಸೊಸೆ ಯಾವಾಗಲೋ ಕಿತ್ತುಕೊಂಡು ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಳುವುದಕ್ಕೇನಿತ್ತು ಇದರಲ್ಲಿ ಎಂದು ಕತ್ತರಿಯಮ್ಮನಿಗೆ ತಿಳಿಯಲಿಲ್ಲ.

ಗಡ್ಡದ ನಿರ್ದೇಶಕ ಎದ್ದುಬಂದು, "ಅಮ್ಮಾ, ಹೇಗನ್ನಿಸ್ತು?" ಎಂದ.

"ಆ ದೆವ್ವ... ಆಮೇಲೆ ಹೊರಟುಹೋಯ್ತೇನಪ್ಪಾ?"

"ದೆವ್ವ ಎಲ್ಲಿತ್ತಮ್ಮ?" ಅವನಿಗೆ ಬಹಳ ಸಂತೋಷವಾಯಿತು. "ಹೋಗೋಕೆ ಹೊರಟವನನ್ನ ಬಿಡದೆ ಹಿಡ್ಕೊಂಡೋಳು ಅವಳು. ದುಃಖಕ್ಕೆ ದಿನಾ ಒರೆಸಿ, ತೊಳೆದು, ಜಾಗ ಮಾಡಿಕೊಟ್ರೆ ಅದು ಕೂತುಬಿಡುತ್ತೆ. ಆಮೇಲೆ ಮನೆಯವರನ್ನೇ ಕೇಳುತ್ತೆ. ಮನುಷ್ಯ ಸ್ವಭಾವ ಅಮ್ಮಾ! ನೀವೂ ಯಾರನ್ನಾದ್ರೂ ಹೀಗೆ..."

"ಇಲ್ಲಪ್ಪಾ, ಇಲ್ಲ! ನಾನು ಯಾರನ್ನೂ ಇಟ್ಕೊಂಡಿಲ್ಲ!" ಎಂದು ಕತ್ತರಿಯಮ್ಮ ಥಿಯೇಟರಿನ ಜನರೆಲ್ಲ ತಿರುಗಿ ನೋಡುವಂತೆ ಹೇಳಿ, ಸೊಸೆಯ ಕೈ ಹಿಡಿದೆಳೆದುಕೊಂಡು ಹೊರಬಿದ್ದಳು.

ಮನೆಯ ಬೀಗ ತೆಗೆದರೆ ನಡುಮನೆಯಲ್ಲಿ ಕುರ್ಚಿ. ಬೆನ್ನು ಬಾಗಿಲ ಕಡೆಗೆ.

ಒರೆಸಿ, ತೊಳೆದು, ಜಾಗ ಮಾಡಿಕೊಟ್ಟರೆ ಕೂತುಬಿಡುತ್ತೆ. ಒಂದು ವರ್ಷದಿಂದ ಒರೆಸಿದ್ದೇನು ಸಾಮಾನ್ಯವಾಗಿಯೇ? ಅದರ ರೆಕ್ಸಿನ್ ಅಂಗಡಿಯಲ್ಲಿದ್ದಾಗಲೂ ಅಷ್ಟು ಹೊಳೆದಿರಲಿಲ್ಲ. ಬಾಯಿಬಿಟ್ಟು ಬೇರೆ ಹೇಳಿದ್ದಳಲ್ಲ, ಈಗಲಾದರೂ ಕೂತುಕೊಳ್ಳಲಿ ಎಂದು. ಯಜಮಾನರು ಬದುಕಿದ್ದಾಗ ಹೆಂಡತಿಯ ಯಾವ ಮಾತನ್ನೂ ಕೇಳಿದವರಲ್ಲ, ಈಗ ಇದೊಂದನ್ನು ಕೇಳಿಬಿಟ್ಟರೆ ಗತಿಯೇನು?

ಮರುದಿನ ಬೆಳಗ್ಗೆ ಸ್ನಾನ ಮುಗಿಸಿ ಬಂದವಳು, ಒರೆಸಲೋ ಬೇಡವೋ ಎಂದು ಬಟ್ಟೆ ಹಿಡಿದು ನಿಂತಳು. ಬಟ್ಟೆ ಕೈಯಿಂದ ಜಾರಿತು. ಮೊಣಕಾಲಿನ ಮಟ್ಟಕ್ಕಿದ್ದ ಆಸನ ಸೊಂಟದ ಮಟ್ಟಕ್ಕೆ ಬಂದಿತ್ತು.

"ಕುರ್ಚಿ ಮುಟ್ಟಿದ್ಯೇನೋ?" ಎಂದು ಮಗನನ್ನು ಕೇಳಿದಳು.

"ನಿನ್ನ ಕುರ್ಚಿ ಮುಟ್ಟೋ ಗಂಡಸು ಈ ಮನೇಲಿ ಇನ್ನೂ ಹುಟ್ಟಿಲ್ಲಮ್ಮ."

ಸೊಸೆಯ ಕಡೆ ತಿರುಗಿದರೆ ಅವಳು ತಟ್ಟನೆ ತಲೆ ತಗ್ಗಿಸಿ, "ನಾನ್ಯಾಕತ್ತೆ ಮುಟ್ಟಲಿ? ಕಾಲಲ್ಲೂ ಮುಟ್ಟಲ್ಲ ಅಂದಿದ್ದೀನಲ್ಲ" ಎಂದು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಓಡಿದಳು. ಮಗನೂ ಹೋದ. ಮನೆಯಲ್ಲಿ ಉಳಿದವರು ಇಬ್ಬರು. (ಒಬ್ಬರು ಎಂದೇ ಕತ್ತರಿಯಮ್ಮ ತನಗೆ ತಾನೇ ಹೇಳಿಕೊಂಡಳು.)

ಹುರುಳಿಕಾಯಿ ಬಿಡಿಸುವ ನೆಪದಲ್ಲಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಕಣ್ಣನ್ನು ಕುರ್ಚಿಯ ಮೇಲಿಟ್ಟಳು. ನೋಡುತ್ತಿರುವಾಗ ಅದು ಅಲುಗುವುದಿಲ್ಲ. ಒಂದು ಕಾಯಿ ಮುರಿದು ತಲೆಯೆತ್ತಿದರೆ ಒಂದು ಕೂದಲೆಳೆಯಷ್ಟು ಕೆಳಗಿರುತ್ತದೆ. ಹೊರಗೆ ಬೀದಿಯಲ್ಲಿ ಸೈಕಲ್ಲಿನ ಗಂಟೆ, ತರಕಾರಿಯವನ ಕೂಗು, ಎಲ್ಲ ಇದೆ. ಒಳಗೆ ಮಾತ್ರ ಆ ಸಿನಿಮಾದ ನಿಶ್ಶಬ್ದ. ತಮ್ಮ ಮನೆಯ ನಲ್ಲಿಯೂ ತೊಟ್ಟಿಕ್ಕುತ್ತದೆಂಬುದು ಅವಳಿಗೆ ಆವತ್ತೇ ಗೊತ್ತಾದದ್ದು.

ಮಧ್ಯಾಹ್ನವಾಯಿತು. ಯಜಮಾನರು ಊಟಕ್ಕೆ ಬರುತ್ತಿದ್ದ ಹೊತ್ತು. ಬಂದವರೇ ಚಪ್ಪಲಿ ಕಳಚಿ, ಗೋಡೆಗೊರಗಿ, ಬೆಳಗ್ಗಿನಿಂದ ನಿಂತ ಕಾಲನ್ನು ಉದ್ದಕ್ಕೆ ಚಾಚಿ ಒಂದು ಉಸಿರು ಬಿಡುತ್ತಿದ್ದರು. ಆಮೇಲೇ ಊಟ, ಮಾತು.

"ಉಸ್ಸ್ಸ್..." ಎಂದಿತು ಕುರ್ಚಿ.

ಹುರುಳಿಕಾಯಿ ಮನೆ ತುಂಬ ಹಾರಿತು. ಕುರ್ಚಿಯ ಚಟ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಏರಿಸಿದರೆ ಇಳಿಯುತ್ತದೆ, ಸರಿ. ಆದರೆ ಇಳಿಯಬೇಕಾದರೆ ಮೊದಲು ಯಾರೋ ಏರಿಸಿರಬೇಕಲ್ಲ! ಆ ಹಿಡಿ ಒತ್ತುವುದಕ್ಕೆ ಒಂದು ಕಾಲು ಬೇಕಲ್ಲ! ಆ ಮನೆಯಲ್ಲಿ ಆ ಹಿಡಿಯ ಮೇಲಿಡಲು ಹುಟ್ಟಿದ ಕಾಲು ಒಂದೇ, ಅದು ಹೋಗಿ ವರ್ಷವಾಯಿತು.

ಅವತ್ತಿನಿಂದ ದಿನಾ ಅದೇ. ಬೆಳಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕುರ್ಚಿ ಮೇಲೆ, ಮಧ್ಯಾಹ್ನ ಊಟದ ಹೊತ್ತಿಗೆ ಉಸ್ಸೆಂದು ಕೆಳಗೆ. ಕತ್ತರಿಯಮ್ಮ ಯಜಮಾನರ ಹಳೆಯ ಉಣ್ಣೆಯ ಮಫ್ಲರನ್ನು ಪೆಟ್ಟಿಗೆಯಿಂದ ತೆಗೆದು ತಲೆ ಕಿವಿ ಎಲ್ಲ ಸೇರಿಸಿ ಬಿಗಿಯಾಗಿ ಸುತ್ತಿಕೊಂಡಳು. ಕೇಳಿದವರಿಗೆ ಕಿವಿನೋವು ಎಂದಳು. ಉಸ್ಸೆನ್ನುವುದು ಮಫ್ಲರಿನೊಳಗೂ ಕೇಳಿಸಿತು.

ಇದೆಲ್ಲವನ್ನೂ ಸಹಿಸಬಹುದಿತ್ತು. ಯಜಮಾನರು ಹೆಂಡತಿಯ ಸುದ್ದಿಗೆ ಬರುವವರಲ್ಲವೆಂಬ ಭರವಸೆ ಅವಳಿಗಿತ್ತು. ಆದರೆ ಒಂದು ಬೆಳಗ್ಗೆ, ಅವಳು ಸ್ನಾನಕ್ಕೆ ಹೋಗುವ ಮೊದಲೇ, ಮಗ ಶೂ ಹಾಕಿಕೊಳ್ಳಲು ಬೇರೆ ಜಾಗ ಸಿಗದೆ ಆ ಕುರ್ಚಿಯ ಮೇಲೆ ಧೊಪ್ಪನೆ ಕೂತ.

"ಏಳೋ ಮೇಲೆ!" ಕತ್ತರಿಯಮ್ಮನ ಕೂಗಿಗೆ ಬೀದಿಯ ನಾಯಿ ಬೊಗಳಿತು. "ಎದ್ದೇಳೋ ಅಂದ್ರೆ! ಅಲ್ಲಿ ಕೂರಬೇಡ!"

"ಆಯ್ತಮ್ಮಾ, ಅಪ್ಪನ ಕುರ್ಚಿ, ಪವಿತ್ರ, ಗೊತ್ತು..." ಎನ್ನುತ್ತ ಅವನು ಒಂಟಿ ಶೂನಲ್ಲಿ ಕುಂಟಿಕೊಂಡು ಹೋದ. ಇನ್ನೊಂದು ಶೂ ಕುರ್ಚಿಯ ಬುಡದಲ್ಲಿ ಬಿದ್ದಿತ್ತು. ಅದನ್ನು ಕಂಡದ್ದೇ ಕತ್ತರಿಯಮ್ಮನಿಗೆ ಮೇಜಿನ ಕೆಳಗಿನ ಚಪ್ಪಲಿ ನೆನಪಾಯಿತು. ಆ ಮುದುಕಿ ಕುರ್ಚಿ ಎಳೆದುಕೊಟ್ಟಳು. ತಾನೂ ಒಂದು ವರ್ಷದಿಂದ ಒರೆಸಿ ಸಿದ್ಧಮಾಡಿ ಇಟ್ಟದ್ದು ಇದಕ್ಕೇನು? ಇಲ್ಲ, ಮಗನಿಗಿಂತ ಕುರ್ಚಿ ಹೆಚ್ಚಲ್ಲ. ಅದು ಮನೆ ಬಿಡಲೇಬೇಕು.

ಆದರೆ ಹೇಗೆ? ವರ್ಷವಿಡೀ ಯಾವುದಕ್ಕಾಗಿ ಕದನ ಮಾಡಿದ್ದಳೋ ಅದನ್ನೇ ಈಗ ಹೊರಗೆ ಹಾಕು ಎನ್ನುವುದು ಹೇಗೆ? ಕಾರಣ ಕೇಳಿದರೆ, ನಿಮ್ಮಪ್ಪನಿಗೆ ಹೆದರುತ್ತೇನೆ ಎನ್ನಲೇ? ಬದುಕಿದ್ದಷ್ಟು ಕಾಲ ಆ ಮನುಷ್ಯನೇ ಈಕೆಗೆ ಹೆದರಿದ್ದು!

ಮಗನ ಹತ್ತಿರ ಮೆಲ್ಲಗೆ ಮಾತು ತೆಗೆದಳು. "ಅಲ್ವೋ, ಆ ಕುರ್ಚಿ ಇಲ್ಲಿದ್ದು ಏನು ಮಾಡ್ಬೇಕು? ಅಂಗಡೀಲಿದ್ರೆ ನಾಲ್ಕು ಜನ ನೋಡ್ತಾರೆ."

ಮಗ ಬಾಯಿ ತೆರೆಯುವ ಮೊದಲೇ ಸೊಸೆ ಅಡುಗೆಮನೆಯಿಂದ ಓಡಿಬಂದಳು. "ಖಂಡಿತಾ ಕೂಡದು! ಮಾವನ ಕುರ್ಚಿ ಈ ಮನೆ ಬಿಟ್ಟು ಎಲ್ಲೂ ಹೋಗಲ್ಲ!"

ಕತ್ತರಿಯಮ್ಮ ಸೊಸೆಯ ಮುಖವನ್ನೇ ನೋಡಿದಳು. "ನಿನಗೆ ಸೋಫಾ ಬೇಕಿತ್ತಲ್ಲೇ?"

"ಸೋಫಾಗೆ ಬೆಂಕಿ ಬಿತ್ತು" ಎಂದು ಸೊಸೆ ಕಣ್ಣೊರೆಸಿಕೊಂಡಳು.

ಕತ್ತರಿಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಇವಳು ಕುರ್ಚಿಯ ಪರ ಮಾತಾಡುವುದೆಂದರೇನು? ಇವಳನ್ನೂ ಆಗಲೇ ಹಿಡಿದುಬಿಟ್ಟಿದೆಯೇ?

ಉಳಿದದ್ದು ಒಂದೇ ದಾರಿ. ಇಬ್ಬರೂ ಕೆಲಸಕ್ಕೆ ಹೋದಮೇಲೆ ಕತ್ತರಿಯಮ್ಮ ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನನ್ನು ಒಳಗೆ ಕರೆದಳು. ಅವನು ಕುರ್ಚಿಯನ್ನು ಸುತ್ತಿ ಸುತ್ತಿ ನೋಡಿ, "ಏನು ಕೊಡ್ಬೇಕಮ್ಮ?" ಎಂದ.

"ಏನೂ ಬೇಡ. ಬೇಗ ಎತ್ಕೊಂಡು ಹೋಗು."

ಗುಜರಿಯವನು ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ. ಅವನ ವೃತ್ತಿಜೀವನದಲ್ಲಿ ಇಂಥ ಮಾತು ಕೇಳಿರಲಿಲ್ಲ. "ಪುಕ್ಕಟೆನಾ? ಯಾಕೆ? ಏನಾಗಿದೆ ಇದಕ್ಕೆ?"

"ಏನಾಗಿರುತ್ತೆ? ಕುರ್ಚಿ. ಕೂರೋದು."

"ಹಾಗಾದ್ರೆ ಕೂತು ನೋಡ್ತೀನಿ" ಎಂದು ಅವನು ಮೇಲೆ ಏರಿ ಕೂತ. ಅವನ ಭಾರಕ್ಕೆ ಕುರ್ಚಿ ಮಧ್ಯಾಹ್ನದವರೆಗೂ ಕಾಯದೆ ಸರ್ರನೆ ಇಳಿದು, "ಉಸ್ಸ್ಸ್..." ಎಂದಿತು.

"ಅಯ್ಯೋ, ಅವರ ತೊಡೆ ಮೇಲೆ ಕೂತ್ಯಲ್ಲೋ!" ಎಂದು ಕತ್ತರಿಯಮ್ಮ ಚೀರಿದಳು.

"ಯಾರ ತೊಡೆ?" ಗುಜರಿಯವನು ಜಿಗಿದು ಬಾಗಿಲಿಗೆ ಓಡಿದವನು ಅಲ್ಲಿ ಒಳಗೆ ಬರುತ್ತಿದ್ದ ಸೊಸೆಗೆ ಢಿಕ್ಕಿ ಹೊಡೆದ. (ಬೆಳಗಿನ ಆಟಕ್ಕೆ ಒಂದೇ ಒಂದು ಟಿಕೆಟ್ ಹೋಗದೆ ಮ್ಯಾನೇಜರು ಆಟ ರದ್ದು ಮಾಡಿದ್ದರು.)

"ಯಾರಿವನು? ಅತ್ತೆ, ಏನಾಗ್ತಿದೆ?"

"ನಾನೇನೂ ಕದ್ದಿಲ್ಲಮ್ಮ! ಪುಕ್ಕಟೆ ಕೊಡ್ತೀನಿ ಅಂದ್ರು. ನನಗೆ ಪುಕ್ಕಟೆಯೂ ಬೇಡ!" 

ಅವನು ಚೀಲವನ್ನೂ ಬಿಟ್ಟು ಓಡಿಹೋದ. ಸೊಸೆ ಕುರ್ಚಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು, ನೆಲದ ಮೇಲೆ ಕುಸಿದು ಅಳಲು ಶುರುಮಾಡಿದಳು.

"ನನ್ನಿಂದ! ಎಲ್ಲಾ ನನ್ನಿಂದ! ನನ್ನ ಬಾಯಿಗೆ ಹೆದರಿ ಮಾವನ ಕುರ್ಚೀನ ಕದ್ದು ಸಾಗಹಾಕೋ ಗತಿ ಬಂತಲ್ಲ ನಿಮಗೆ!"

"ನಿನ್ನ ಬಾಯಿಗಾ?" ಕತ್ತರಿಯಮ್ಮನಿಗೆ ಆ ಭಯದಲ್ಲೂ ಅವಮಾನವಾಯಿತು. "ನಿನ್ನ ಬಾಯಿಗೆ ನಾನು ಹೆದರ್ತೀನೇನೇ?"

"ಮತ್ತೆ ಇನ್ಯಾಕೆ ಕೊಡ್ತಿದ್ರಿ?"

ಕತ್ತರಿಯಮ್ಮ ಗುಜರಿಯವನ ಚೀಲವನ್ನು ಎತ್ತಿ ಬಾಗಿಲ ಹೊರಗಿಟ್ಟಳು.

"ಗೊತ್ತತ್ತೆ, ನೀವು ಹೇಳಲ್ಲ" ಎಂದು ಸೊಸೆ ಮೂಗು ಸೀಟಿಕೊಂಡಳು. "ಆ ಸಿನಿಮಾ ನೋಡಿದ ದಿನವೇ ನನಗೆ ಕಣ್ಣು ತೆರೀತು. ಆ ಮುದುಕಿ ಕಷ್ಟ ಯಾರಾದ್ರೂ ಕೇಳಿದ್ರಾ? ಬಂದವರೆಲ್ಲ ಮರೆತುಬಿಡು ಮರೆತುಬಿಡು ಅಂತಾರೆ. ನಾನೂ ಒಂದು ವರ್ಷ ನಿಮಗೆ ಅದನ್ನೇ ಅಂದೆ. ಅವತ್ತಿಂದ ನೀವು ಬಗ್ಗಿ ಒರೆಸೋದು ನೋಡಿದ್ರೆ ಕರುಳು ಹಿಂಡುತ್ತೆ. ಬಾಯಿಬಿಟ್ಟು ಹೇಳೋಕೆ ನಾಚಿಕೆ, ಕಾಲಲ್ಲೂ ಮುಟ್ಟಲ್ಲ ಅಂದಿದ್ನಲ್ಲ. ಅದಕ್ಕೇ ನೀವು ಸ್ನಾನಕ್ಕೆ ಹೋದಾಗ ಸದ್ದಿಲ್ಲದೆ ಹಿಡಿ ಒತ್ತಿ ಕುರ್ಚಿ ಎತ್ತರ ಮಾಡಿ ಇಡ್ತಿದ್ದೆ. ನಿಮ್ಮ ಸೊಂಟಕ್ಕೆ ಅನುಕೂಲ ಆಗಲಿ ಅಂತ."



"ನೀನಾ?"

"ನಾನೇ ಅತ್ತೆ."

"ದಿನಾ?"

"ದಿನಾ."

ಕತ್ತರಿಯಮ್ಮನಿಗೆ ಸೊಸೆಯನ್ನು ತಬ್ಬಿಕೊಳ್ಳಬೇಕೋ ಬೆನ್ನಿಗೆ ಎರಡು ಬಿಗಿಯಬೇಕೋ ತಿಳಿಯಲಿಲ್ಲ. ನಿಜ ಹೇಳಿದರೆ ಇಡೀ ಬೀದಿಗೆ ನಗೆಪಾಟಲು. ಮಫ್ಲರಿನ ತುದಿಯನ್ನು ಕಣ್ಣಿಗೊತ್ತಿಕೊಂಡು, "ಹೋಗ್ಲಿ ಬಿಡು, ನನ್ನ ದುಃಖ ನನಗಿರಲಿ" ಎಂದು ಗಂಭೀರವಾಗಿ ನಿಟ್ಟುಸಿರಿಟ್ಟಳು. ಸೊಸೆಯ ಅಳು ಇಮ್ಮಡಿಯಾಯಿತು.

ಆ ನಿಟ್ಟುಸಿರಿನ ಫಲ ಮರುದಿನವೇ ಬಂತು. ಸೊಸೆ ಅಂಗಡಿಯ ಕುರ್ಚಿಗಳ ರಿಪೇರಿಯವನನ್ನು ಕರೆಸಿ, ಎಣ್ಣೆ ಬದಲಾಯಿಸಿ, ಹೊಸ ರಬ್ಬರು ಹಾಕಿಸಿದಳು. ಆಮೇಲೆ ಗಂಡನ ಕೈಯಲ್ಲಿ ಕುರ್ಚಿಯನ್ನು ನಡುಮನೆಯಿಂದ ಎತ್ತಿಸಿ ಅತ್ತೆಯ ಕೋಣೆಯಲ್ಲಿ, ಅತ್ತೆಯ ಹಾಸಿಗೆಗೆ ತಾಗಿಸಿ ಇಡಿಸಿದಳು. "ಇನ್ನು ಕಣ್ಣು ಬಿಟ್ರೆ ಮಾವನೇ ಕಾಣ್ತಾರೆ ನೋಡಿ ಅತ್ತೆ!" ಎಂದು ಹಿಡಿ ಒತ್ತಿ ಒತ್ತಿ ಅದನ್ನು ಕಡೆಯ ಎತ್ತರಕ್ಕೇರಿಸಿ, "ಇನ್ನು ಜಾರೋದೇ ಇಲ್ಲ" ಎಂದು ಹೆಮ್ಮೆಯಿಂದ ಕೆಲಸಕ್ಕೆ ಹೋದಳು.

ಇನ್ನು ಹೆದರಲು ಕಾರಣವಿರಲಿಲ್ಲ. ಕತ್ತರಿಯಮ್ಮ ಹುರುಳಿಕಾಯಿ ಬಿಡಿಸಿದಳು. ಮಫ್ಲರನ್ನು ಮಾತ್ರ ಬಿಚ್ಚಲಿಲ್ಲ, ಅಭ್ಯಾಸವಾಗಿತ್ತು. ಮಧ್ಯಾಹ್ನವಾಯಿತು. ಅವಳಿಗೇ ತಿಳಿಯದಂತೆ ಕಿವಿಯ ಮೇಲಿನ ಉಣ್ಣೆಯನ್ನು ಒಂದಿಷ್ಟು ಸರಿಸಿಕೊಂಡಳು. ಊಟದ ಹೊತ್ತು ಬಂತು, ಹೋಯಿತು. ಕೋಣೆಯಿಂದ ಸದ್ದಿಲ್ಲ.

ಅನ್ನ ಆರಿತು. ನಲ್ಲಿ ತೊಟ್ಟಿಕ್ಕಿತು. ಎಂಟು ಹತ್ತು ದಿನ ಆ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿತ್ತು ನಿಜ, ಆದರೆ ಅದು ಯಾರೋ ಬರುವ ಹೊತ್ತಾಗಿತ್ತು. ಈಗ ಮನೆಯಲ್ಲಿ ನಿಜವಾಗಿಯೂ ಒಬ್ಬಳೇ. ಇಷ್ಟು ದಿನವಿಲ್ಲದ ಬೇರೆಯೇ ಒಂದು ಹೆದರಿಕೆ ನೆಲದಿಂದ ಕಾಲಿಗೆ ಹತ್ತಿಕೊಂಡು ಬಂತು.

ಕತ್ತರಿಯಮ್ಮ ಎದ್ದು ಕೋಣೆಗೆ ಹೋದಳು. "ಏನ್ರೀ?" ಎಂದಳು. ಕುರ್ಚಿ ಮೇಲೇ ಇತ್ತು. ಕೈಯಿಂದ ಒತ್ತಿದಳು, ಜಗ್ಗಲಿಲ್ಲ. ಗುಜರಿಯವನು ಕೂತಾಗ ಹೇಗೆ ಸರ್ರನೆ ಇಳಿಯಿತು? ಭಾರ ಸಾಲದು ಎಂದುಕೊಂಡು, ಸ್ಟೂಲು ತಂದು, ಅದರ ಮೇಲೆ ಹತ್ತಿ, ದೇವರೇ ದೇವರೇ ಎನ್ನುತ್ತ ಕುರ್ಚಿಯ ಮೇಲೆ ಕೂತಳು.

ಕುರ್ಚಿ ಇಳಿಯಲಿಲ್ಲ. ತಿರುಗಿತು. ಕತ್ತರಿಯಮ್ಮನ ಕಾಲು ತಗುಲಿ ಸ್ಟೂಲು ಉರುಳಿ ಹಾಸಿಗೆಯ ಕೆಳಗೆ ಹೋಯಿತು. ಕುರ್ಚಿ ಗೋಡೆಗೆ ಮುಖಮಾಡಿ ನಿಂತಿತು. ಕಾಲು ನೆಲಕ್ಕೆ ಎಟುಕುವುದಿಲ್ಲ. ಧುಮುಕಲು ಮೊಣಕಾಲು ಒಪ್ಪುವುದಿಲ್ಲ. ಕೂಗಿದರೆ ಬೀದಿಯವರು ಬರುತ್ತಾರೆ, ಬಂದರೆ ನೋಡುತ್ತಾರೆ. ಹೀಗೆ ಕತ್ತರಿಯಮ್ಮ ಬರಿಯ ಗೋಡೆಯನ್ನು ನೋಡುತ್ತ, ನೆಟ್ಟಗೆ, ಸಿಂಹಾಸನಾರೂಢಳಾಗಿ ಕೂತಳು. ಬೈಯಲು ಕುರ್ಚಿ ಎದುರಿಗಿಲ್ಲ, ಕೆಳಗಿದೆ. ಆದರೂ ಬೈದಳು. ನಲ್ಲಿಯಿಂದ ಶುರುಮಾಡಿ, ಹೇಳದೆ ಕೇಳದೆ ಹೊರಟುಹೋದದ್ದರವರೆಗೆ. ಅಲ್ಲಿಗೆ ಬಂದಾಗ ಅಳು ಬಂತು. ಸಿನಿಮಾದಲ್ಲಿ ಒದ್ದೆಯಾಗದ ಕರವಸ್ತ್ರ ಕೈಗೆ ಸಿಕ್ಕದೆ, ಮಫ್ಲರೇ ಒದ್ದೆಯಾಯಿತು. ಅತ್ತು ಅತ್ತು ದಿಂಬಿಗೆ ತಲೆಯಾನಿಸಿ ನಿದ್ದೆಹೋದಳು.

ಇತ್ತ ಸೊಸೆ, ಕೆಲಸ ಮುಗಿಸಿ, ಕ್ಷೌರದಂಗಡಿಯಿಂದ ಗಂಡನನ್ನು ಕರೆದುಕೊಂಡು ಮನೆಗೆ ಬಂದಳು. "ಅತ್ತೆ" ಎಂದಳು. ಉತ್ತರವಿಲ್ಲ. ಕೋಣೆಯ ಬಾಗಿಲು ತಳ್ಳಿದಳು.

ಕುರ್ಚಿಯ ಬೆನ್ನು. ಬೆನ್ನಿನ ಮೇಲೆ ಒಂದು ತಲೆ. ತಲೆಗೆ ಸುತ್ತಿದ ಮಾವನ ಮಫ್ಲರು. (ಇಷ್ಟು ದಿನ ಅದು ಅತ್ತೆಯ ತಲೆಯಲ್ಲಿದ್ದದ್ದು ಆ ಕ್ಷಣಕ್ಕೆ ಯಾರಿಗೆ ನೆನಪು?)

"ಮಾ... ಮಾ... ಮಾವಾ!" ಎಂದು ಸೊಸೆ ಇಟ್ಟ ಕೂಗು ಅವಳ ಥಿಯೇಟರಿನವರೆಗೂ ಕೇಳಿಸಿರಬೇಕು. ಮಗ ಕುರ್ಚಿಯ ಬೆನ್ನು ಹಿಡಿದ. ಮೆಲ್ಲಗೆ ತಿರುಗಿಸಿದ.

ತಿರುಗಿದ ಮುಖ ಕತ್ತರಿಯಮ್ಮನದು. ನಿದ್ದೆಗಣ್ಣು ಬಿಟ್ಟು ಪಿಳಿಪಿಳಿ ನೋಡಿತು.

ಕುರ್ಚಿ ತಿರುಗಿಸಿದ ಕೈಗೆ ಬೇರೆ ಏನೂ ಗೊತ್ತಿಲ್ಲ. ಮಗನ ಬಾಯಿಂದ ಅಭ್ಯಾಸಬಲದಿಂದ ಮಾತು ಹೊರಬಿತ್ತು: "ಕಟಿಂಗಾ, ಶೇವಿಂಗಾ?"

"ನಿನ್ನ ತಲೆ! ಮೊದಲು ಕೆಳಗಿಳಿಸೋ!"

ಮಗ ಹಿಡಿ ಹಿಂದಕ್ಕೆ ಸರಿಸಿದ. ಕುರ್ಚಿ ಬೆಣ್ಣೆಯ ಮೇಲೆ ಜಾರಿದಂತೆ ಕೆಳಗೆ ಬಂತು. ಪಿಟ್ಟೆನ್ನಲಿಲ್ಲ.

"ನೋಡಿದ್ಯಾ? ಸದ್ದೇ ಇಲ್ಲ" ಎಂದಳು ಕತ್ತರಿಯಮ್ಮ.

"ರಿಪೇರಿ ಅಂದ್ರೆ ಅದೇ ಅಲ್ವೇನಮ್ಮ?"

"ಯಾರು ಹೇಳಿದ್ರು ರಿಪೇರಿ ಮಾಡೋಕೆ? ನಾಳೆ ಅವನನ್ನ ಮತ್ತೆ ಕರೆಸು. ಮೊದಲು ಹೇಗೆ ಕೆಟ್ಟಿತ್ತೋ ಹಾಗೇ ಕೆಡಿಸಿಕೊಟ್ಟು ಹೋಗಲಿ. ಆಮೇಲೆ ನಡುಮನೇಲಿ ಇದ್ದಲ್ಲೇ ಇಡು."

ಬಾಗಿಲ ಸಂದಿಯಿಂದ ಸೊಸೆಯ ನಡುಗುವ ದನಿ ಬಂತು. "ಅತ್ತೆ, ನಿಮ್ಮ ದಮ್ಮಯ್ಯ... ಆ ಕುರ್ಚೀನ ಗುಜರಿಗೆ ಹಾಕಿಬಿಡೋಣ!"

"ಅದು ಹೋಗೋದಾದ್ರೆ ನನ್ನನ್ನೂ ಅದರ ಮೇಲೆ ಕೂರಿಸಿ ಕಳಿಸು!"

"ಕೂತೇ ಇದ್ದೀಯಲ್ಲಮ್ಮ" ಎಂದ ಮಗ.

ರಿಪೇರಿಯವನು ಬಂದು, ತನ್ನ ಕೆಲಸವನ್ನು ತಾನೇ ಹಾಳುಮಾಡಿ, ತಲೆ ಕೆರೆದುಕೊಳ್ಳುತ್ತ ಹೋದ. ಈಗ ಬೆಳಗ್ಗೆ ಹಿಡಿ ಒತ್ತುವವಳು ಕತ್ತರಿಯಮ್ಮನೇ, ಸೊಸೆ ಆ ಕುರ್ಚಿಯನ್ನು ನಿಜವಾಗಿಯೂ ಕಾಲಲ್ಲಿ ಮುಟ್ಟುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನಡುಮನೆಯಿಂದ "ಉಸ್ಸ್ಸ್..." ಎನ್ನುತ್ತದೆ. ಒಲೆಯ ಮುಂದಿನ ಕತ್ತರಿಯಮ್ಮ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡು, ಹಿಂದಕ್ಕೆ ತಿರುಗದೆಯೇ ಕೂಗುತ್ತಾಳೆ:

"ಬಂದ್ರಾ? ಕೂತ್ಕೊಳ್ಳಿ, ಬಡಿಸ್ತೀನಿ. ಮುಖ ಮಾತ್ರ ಆ ಕಡೆಗೇ ಇರಲಿ!"